ಎತ್ತಿನ ಜಡೇಸ್ವಾಮಿ ಸ್ಟೇಷನ್ ಮನೆ ಹೊಗಳಿದ್ದು

ಗೆಟ್ಟವಾಡಿಯ ಜಡೇಸ್ವಾಮಿ ಬಾಯಿಬಿಟ್ಟು ಯಾವುದನ್ನೂ ಹೊಗಳಿದವನಲ್ಲ. ಅದಕ್ಕೆ ಅವನನ್ನು ಬೈಯಬೇಡಿ, ಅವನ ಕಸುಬೇ ಅಂಥದ್ದು. ಸುತ್ತಲ ಹತ್ತೂರಲ್ಲಿ ಯಾರಿಗೆ ಎತ್ತು ಬೇಕಾದರೂ ಮೊದಲು ಅವನ ಜಗಲಿಗೆ ಬಂದು ಕೂರಬೇಕು. ಅವನು ಹಸಿರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಸಂತೆಗೆ ಹೊರಟನೆಂದರೆ ಕೊಳ್ಳುವವನಿಗೆ ಅರ್ಧ ಧೈರ್ಯ. ಎತ್ತಿನ ತುಟಿ ಎತ್ತಿ ಹಲ್ಲು ನೋಡುವನು, ಹಣೆ, ಬೆನ್ನು, ಭುಜ ಎಲ್ಲ ಕಡೆ ಕೂದಲ ಸುಳಿ ಹುಡುಕುವನು, ಹತ್ತು ಮಾರು ನಡೆಸಿ ಹಿಂದಿನ ಕಾಲು ನೋಡುವನು. ಆಮೇಲೆ ಮಾರುವವನ ಎದುರಿಗೇ ಹುಳಿ ತಿಂದವನ ಮುಖ ಮಾಡಿಕೊಂಡು ಆ ಎತ್ತಿನ ಜನ್ಮ ಜಾಲಾಡುವನು. ಮಾರುವವನು ಸುಸ್ತಾದ ಮೇಲೆ ಅವನ ಕೈ ಹಿಡಿದು, ಮೇಲೆ ಟವೆಲ್ಲು ಮುಚ್ಚಿ, ಬೆರಳು ಒತ್ತಿ ಒತ್ತಿ ಬೆಲೆ ಕಟ್ಟುವನು. ಸುತ್ತ ನಿಂತವರಿಗೆ ಟವೆಲ್ಲು ಅಲುಗಾಡುವುದು ಬಿಟ್ಟರೆ ಬೇರೇನೂ ಕಾಣದು.

ಅವನ ಬಾಯಲ್ಲಿ ಇದ್ದದ್ದು ಮೂರೇ ದರ್ಜೆ. ಕೆಟ್ಟದ್ದಕ್ಕೆ "ಬುಡು ಅತ್ಲಾಗೆ". ಒಳ್ಳೆಯದಕ್ಕೆ "ಸುಮಾರು". ತೀರಾ ತೀರಾ ಒಳ್ಳೆಯದಕ್ಕೆ "ಐಬಿಲ್ಲ". ಈ ಕೊನೆಯ ಮಾತನ್ನು ಮೂವತ್ತು ವರ್ಷದಲ್ಲಿ ಅವನು ಎರಡೇ ಸಲ ಆಡಿದ್ದ. ಒಂದು, ಬರಗೂರು ಕಡೆಯ ಒಂದು ಎತ್ತಿಗೆ. ಇನ್ನೊಂದು ಜ್ವರ ಬಂದು ಕನವರಿಸುವಾಗ, ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಹೊಗಳಿದರೆ ಬೆಲೆ ಏರುತ್ತದೆ, ಇದು ಸಂತೆಗೆ ಹೋಗುವ ಎಲ್ಲರಿಗೂ ಗೊತ್ತು. ಆದರೆ ಜಡೇಸ್ವಾಮಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಹೊಗಳಿದರೆ ದೃಷ್ಟಿ ತಾಗುತ್ತದೆ, ಅದೂ ತನ್ನ ಕಣ್ಣು ಬಹಳ ಕೆಟ್ಟ ಕಣ್ಣು ಎಂದು ಅವನು ನಂಬಿದ್ದ. ಹಾಗಾಗಿ ಮನೆಯಲ್ಲೂ ಅದೇ ಬಾಯಿ. ಹೆಂಡತಿ ಶಾಂತಮಲ್ಲಮ್ಮನ ಹುರುಳಿ ಸಾರಿಗೆ ನೆಂಟರು ತಾಳವಾಡಿಯಿಂದ ನಡೆದು ಬರುತ್ತಿದ್ದರು. ಗಂಡ ಮಾತ್ರ ತಟ್ಟೆ ನೆಕ್ಕಿ "ಸುಮಾರಾಗದೆ" ಎಂದು ಎದ್ದು ಹೋಗುತ್ತಿದ್ದ. ಒಬ್ಬಳೇ ಮಗಳು ಪುಟ್ಟಮಲ್ಲಮ್ಮ ಟೀಚರ್ ಟ್ರೈನಿಂಗ್ ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಬಂದು ಕಾಲಿಗೆ ಬಿದ್ದಾಗಲೂ "ಸುಮಾರಾಗಿ ಬರ್ದವ್ಳೆ" ಎಂದ. ಅವಳು ನಕ್ಕು ಒಳಗೆ ಹೋದಳು. ಒಳಗೆ ಹೋದಮೇಲೆ ನಗಲಿಲ್ಲ ಎನ್ನುವುದು ತಾಯಿಗೆ ಮಾತ್ರ ಗೊತ್ತು.

ಎಂಬತ್ತಮೂರನೇ ಇಸವಿ ಜೂನ್ ತಿಂಗಳಲ್ಲಿ ಪುಟ್ಟಮಲ್ಲಮ್ಮನಿಗೆ ನಂಜನಗೂಡಿನ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಚಾಮರಾಜನಗರದಿಂದ ಬೆಳಗಿನ ಏಳರ ರೈಲು ಹಿಡಿದರೆ ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿರಬಹುದು. ತೊಂದರೆ ಏನೆಂದರೆ, ಗೆಟ್ಟವಾಡಿಯಿಂದ ಹೊರಡುವ ಮೊದಲ ಬಸ್ಸು ಚಾಮರಾಜನಗರ ಮುಟ್ಟುವಷ್ಟರಲ್ಲಿ ರೈಲಿನ ಹೊಗೆಯೂ ಇರುತ್ತಿರಲಿಲ್ಲ. ದಿನವೂ ಅವಳು ಶಾಲೆಗೆ ಕಾಲಿಡುವ ಹೊತ್ತಿಗೆ ಎರಡನೇ ಪಾಠ ನಡೆಯುತ್ತಿತ್ತು. ಹೆಡ್‌ಮಾಸ್ಟರು ಮೂರು ವಾರ ನೋಡಿದರು. ಆಮೇಲೆ ಕರೆದು, ತಿಂಗಳ ಕೊನೆಯೊಳಗೆ ಹೊತ್ತಿಗೆ ಸರಿಯಾಗಿ ಬರುವ ದಾರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು.

ನಂಜನಗೂಡು, ಚಾಮರಾಜನಗರ ಎರಡೂ ಕಡೆ ಬಾಡಿಗೆ ಮನೆ ಹುಡುಕಿದ್ದೂ ಆಯಿತು. ಮದುವೆಯಾಗದ ಹೆಣ್ಣುಮಗಳೆಂದರೆ ಯಾರೂ ಕೊಡಲೊಲ್ಲರು. ಕೊಡುತ್ತೇನೆಂದ ಒಬ್ಬನ ನಗು ಶಾಂತಮಲ್ಲಮ್ಮನಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಪುಟ್ಟಮಲ್ಲಮ್ಮನೇ ಒಂದು ಸುದ್ದಿ ತಂದಳು. ಸ್ಟೇಷನ್ನಿನ ಎದುರಿಗೇ ಒಂದು ಹಳೇ ಮಹಡಿ ಕಟ್ಟಡ, ಅದರಲ್ಲಿ ನಾಲ್ಕು ಮನೆ, ಮೇಲಿನ ಎಡಗಡೆಯ ಮನೆ ಮಾರಾಟಕ್ಕಿದೆ. ತವರಿನ ಪಾಲಿನ ದುಡ್ಡು ಶಾಂತಮಲ್ಲಮ್ಮನ ಹೆಸರಲ್ಲಿತ್ತು. "ಕೊಂಡ್ಕಬುಡವ. ವಾರದಲ್ಲಿ ನಾಕು ದಿನ ನಾನೇ ಅವ್ಳ ಜೊತೆ ಇರ್ತೀನಿ" ಎಂದಳು.

"ನೆಲ ಎಲ್ಲದೆ ಅದ್ಕೆ?" ಎಂದ ಜಡೇಸ್ವಾಮಿ.

"ಮೇಲ್ಮನೆ ಅಂದ್ರೆ ಮೇಲ್ಮನೆ. ನೆಲ ಕೆಳಗಿನೋರ್ದು."

"ಅಂಗಾರೆ ನಾವು ಕೊಳ್ಳಾದೇನು, ಗಾಳಿಯ?"

"ಉಳಾಕೆ ಕೊಳ್ತಾ ಇದ್ದೀವ? ಕೂಸು ರೈಲತ್ತಕೆ ಕೊಳ್ತಾ ಇರಾದು" ಎಂದು ಶಾಂತಮಲ್ಲಮ್ಮ ಸೀರೆ ಬದಲಾಯಿಸಲು ಎದ್ದಳು. ನೆಲವಿಲ್ಲದ ಆಸ್ತಿ ಎಂಬುದು ಜಡೇಸ್ವಾಮಿಯ ಗಂಟಲಲ್ಲಿ ಇಳಿಯಲಿಲ್ಲ. ಆದರೂ ತನ್ನನ್ನು ಬಿಟ್ಟು ಇವರು ಏನಾದರೂ ಕೊಂಡರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲವೆಂದು ಟವೆಲ್ಲು ತೆಗೆದುಕೊಂಡ.

ಆ ಕಟ್ಟಡವನ್ನು ಹಿಂದೆ ಯಾವನೋ ಎಣ್ಣೆ ವ್ಯಾಪಾರಿ ಕಟ್ಟಿಸಿದ್ದನಂತೆ. ಅವನ ನಾಲ್ಕು ಮಕ್ಕಳು ಕಿತ್ತಾಡಿ, ಕೆಳಗೆ ಎರಡು ಮೇಲೆ ಎರಡು ಎಂದು ಪಾಲು ಮಾಡಿಕೊಂಡು, ಒಬ್ಬೊಬ್ಬರಾಗಿ ಮಾರಿಕೊಂಡು ಹೋಗಿದ್ದರು. ಮೆಟ್ಟಿಲು ನಾಲ್ಕು ಮನೆಗೂ ಒಂದೇ, ಅಂಗಳದ ನಲ್ಲಿಯೂ ಒಂದೇ. ಮೇಲಿನ ಎಡಗಡೆ ಮನೆಯನ್ನು ಕೊಂಡವರು ರೈಲ್ವೆಯಲ್ಲಿ ಗಾರ್ಡಾಗಿದ್ದವರು. ಅವರು ತೀರಿಕೊಂಡ ಮೇಲೆ ಹೆಂಡತಿ ವಿಶಾಲಾಕ್ಷಮ್ಮ ಒಬ್ಬರೇ ಇದ್ದರು. ಅರವತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಮಂಡಿ ಎರಡೂ ಕೈಕೊಟ್ಟು ಮೆಟ್ಟಿಲು ಹತ್ತಿ ಇಳಿಯಲಾಗುತ್ತಿರಲಿಲ್ಲ.

ಜಡೇಸ್ವಾಮಿ ಎತ್ತಿನ ಸುತ್ತ ಬರುವ ಹಾಗೆ ಮೊದಲು ಕಟ್ಟಡದ ಸುತ್ತ ಮೂರು ಸುತ್ತು ಬಂದ. ಹಿಂಬದಿಗೆ ನಿಂತು ಬಹಳ ಹೊತ್ತು ನೋಡಿದ. ಮೆಟ್ಟಿಲನ್ನು ಒಂದೊಂದಾಗಿ ಎಣಿಸಿ, ಸವೆದ ಅಂಚನ್ನು ಹೆಬ್ಬೆರಳಲ್ಲಿ ಸವರಿ, ಮುದಿ ಎತ್ತಿನ ಹಲ್ಲು ನೋಡಿದವನ ಹಾಗೆ "ಬಾಯ್ಗೂಡಿ ಇಪ್ಪತ್ತು ವರ್ಸ ಆಗದೆ" ಎಂದ. ಮೇಲೆ ಹೋದವನು ಗೋಡೆಗೆ ಕಿವಿ ಕೊಟ್ಟು ತಟ್ಟಿದ. ಛಾವಣಿಯಲ್ಲಿ ನೀರು ಇಳಿದ ಕಲೆಗಳನ್ನು ಸುಳಿ ನೋಡುವ ಹಾಗೆ ಕತ್ತು ಓರೆ ಮಾಡಿ ನೋಡಿದ. ವಿಶಾಲಾಕ್ಷಮ್ಮ ಪತ್ರ ತಂದು ಚೆಕ್ಕುಬಂದಿ ಓದಿ ಹೇಳಿದರು. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಓಣಿ, ಕೆಳಗೆ ದರ್ಜಿ ಮಲ್ಲಯ್ಯನ ಮನೆ, ಮೇಲೆ ಆಕಾಶ.

"ಆಕಾಸ್ವ ಯಾರ ಎಸ್ರಿಗೆ ಬರ್ಸಿದ್ದೀರಿ?" ಎಂದು ಜಡೇಸ್ವಾಮಿ ಕೇಳಿದ. ಶಾಂತಮಲ್ಲಮ್ಮ ಅವನ ಮೊಣಕೈಗೆ ತಿವಿದಳು.

ಆಮೇಲೆ ನಡೆಸಿ ನೋಡುವ ಕೆಲಸ. ಮನೆಯನ್ನು ನಡೆಸುವುದು ಹೇಗೆ? ಅವನು ನಡುಮನೆಯ ಮಧ್ಯೆ ನಿಂತು, ಪಂಚೆ ಎತ್ತಿ ಕಟ್ಟಿ, ಎರಡೂ ಕಾಲು ಸೇರಿಸಿ ದಬದಬ ಮೂರು ಸಲ ಕುಪ್ಪಳಿಸಿದ. ಕೆಳಗಿನಿಂದ ಯಾರೋ ಕೂಗಿದರು. ಅರೆ ಗಳಿಗೆಯಲ್ಲಿ ದರ್ಜಿ ಮಲ್ಲಯ್ಯ, ಕತ್ತಿನಲ್ಲಿ ಅಳತೆ ಟೇಪು, ಕೈಯಲ್ಲಿ ಊಟದ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕಾಣಿಸಿಕೊಂಡ. ಮುದ್ದೆಯ ಮೇಲೆ ಅಂಗೈಯಗಲದ ಗಾರೆ ಬಿದ್ದಿತ್ತು. ಅದನ್ನು ಎಲ್ಲರಿಗೂ ಒಂದು ಸಲ ತೋರಿಸಿ ಇಳಿದು ಹೋದ. ಆ ಹೊತ್ತಿಗೆ ಸರಿಯಾಗಿ ಎದುರಿನ ಸ್ಟೇಷನ್ನಿಗೆ ರೈಲು ಬಂದು, ಅಡುಗೆಮನೆಯ ಅಟ್ಟದ ಮೇಲಿನ ಪಾತ್ರೆಗಳೆಲ್ಲ ಗಲಗಲ ಅಲುಗಾಡಿದವು.

ಇನ್ನು ಉಳಿದದ್ದು ಜರಿಯುವ ಕೆಲಸ. ಅದನ್ನು ಜಡೇಸ್ವಾಮಿ ಮನಸಾರೆ ಮಾಡಿದ. ಮೆಟ್ಟಿಲು ಮುದಿ, ಗೋಡೆಗೆ ದಮ್ಮು, ಛಾವಣಿಗೆ ಭೇದಿ, ಇಷ್ಟರ ಮೇಲೆ ರೈಲು ಬಂದಾಗಲೆಲ್ಲ ಚಳಿಜ್ವರ. ಇಂಥ ಮನೆಯನ್ನು ಕೈಗೆ ಕಾಸು ಕೊಟ್ಟು ಹಿಡಿದುಕೊಂಡು ಹೋಗಿ ಎಂದರೂ ಯಾರೂ ಹಗ್ಗ ಹಿಡಿಯುವುದಿಲ್ಲ ಎಂದ. ಹೇಳಿ ಮುಗಿಸಿ, ಇನ್ನೇನು ಬೆಲೆಗೆ ಬರುವುದು ಎಂಬ ಗತ್ತಿನಲ್ಲಿ ಹೆಗಲಿನ ಟವೆಲ್ಲು ತೆಗೆದ.

ವಿಶಾಲಾಕ್ಷಮ್ಮ ಪತ್ರ ಮಡಿಚಿ ಪೆಟ್ಟಿಗೆಗೆ ಹಾಕಿದರು. ಇಷ್ಟು ಹೊತ್ತು ಪಟ್ಟಣದ ಮಾತಾಡುತ್ತಿದ್ದವರ ನಾಲಿಗೆ ಇದ್ದಕ್ಕಿದ್ದಂತೆ ಹಳ್ಳಿ ಮಾತಿಗೆ ತಿರುಗಿತು. "ನಮ್ಮಪ್ಪ ಗುಮಟಾಪುರದೋನು. ಅವ್ನೂ ಎತ್ತಿನ ಯಾಪಾರಿನೇಯ. ದೀಪಾವಳಿ ಮಾರ್ನೆ ದಿನ ಊರೋರೆಲ್ಲ ಸಗಣಿ ಎರ್ಚಾಡಾದ ನೋಡ್ಕಂಡು ಬೆಳ್ದೋಳು ನಾನು, ನಿಮ್ಮ ಮಾತಿನ ಎರ್ಚಾಟಕ್ಕೆ ಬೆದರಾಕಿಲ್ಲ. ನೀವು ಜರಿಯಾದು ಬೆಲೆ ಇಳ್ಸಕೆ ಅಂತ ನಂಗೂ ಗೊತ್ತದೆ."

"ಗೊತ್ತಿದ್ರೆ ಆಯ್ತಲ್ಲ ಅಕ್ಕ" ಎಂದ ಜಡೇಸ್ವಾಮಿ, ಖುಷಿಯಾಗಿ.

"ಎತ್ತಿಗೆ ನಿಮ್ಮ ಮಾತು ಅರ್ಥ ಆಗಾಕಿಲ್ಲ, ನಂಗಾಯ್ತದೆ. ಈ ಮನೇಲಿ ನಾನು ಇಪ್ಪತ್ತೇಳು ವರ್ಸ ಬಾಳಿದ್ದೀನಿ. ನಾನು ಇಲ್ಲಿಂದ ಓದ ಮೇಲೆ ಇದ್ರ ಬಗ್ಗೆ ಒಂದು ಒಳ್ಳೆ ಮಾತಾಡೋರು ಇಲ್ಲಿರ್ಬೇಕು. ನೀವು ಒಂದೇ ಒಂದು ಒಳ್ಳೆ ಮಾತು ಆಡಿ, ಮನೆ ನಿಮ್ದು. ಇಲ್ದಿದ್ರೆ ಬಸ್ಸು ಐದು ಗಂಟೆಗದೆ."

ಜಡೇಸ್ವಾಮಿ ತೆಗೆದ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಶಾಂತಮಲ್ಲಮ್ಮ ಕಣ್ಣಲ್ಲೇ ಬೇಡಿಕೊಂಡಳು. ಆದರೆ ಬೆಲೆ ಗೊತ್ತಾಗುವ ಮೊದಲೇ ಹೊಗಳುವುದೆಂದರೆ ಮೂವತ್ತು ವರ್ಷದ ಕಸುಬಿಗೆ ತಾನೇ ಮಣ್ಣು ಹಾಕಿಕೊಂಡಂತೆ. "ನನ್ನ ಕೈಲಾಗಾಕಿಲ್ಲ" ಎಂದು ಹೇಳಿ ಐದು ಗಂಟೆ ಬಸ್ಸು ಹತ್ತಿದ.

ಅವತ್ತಿನಿಂದ ಶಾಂತಮಲ್ಲಮ್ಮ ಅವನ ಜೊತೆ ಮಾತು ಬಿಟ್ಟಳು. ಅವಳ ಹುರುಳಿ ಸಾರು ಅವತ್ತಿನಿಂದ ನಿಜವಾಗಿಯೂ ಸುಮಾರಾಯಿತು. ಎರಡು ದಿನ ತಡೆದುಕೊಂಡು ಮೂರನೇ ದಿನ ಜಡೇಸ್ವಾಮಿ, ಹೊಗಳುವುದು ಅಂಥ ಬ್ರಹ್ಮವಿದ್ಯೆಯೇನಲ್ಲ, ಒಂದಿಷ್ಟು ಅಭ್ಯಾಸ ಬೇಕು ಅಷ್ಟೆ ಎಂದುಕೊಂಡು ಕೊಟ್ಟಿಗೆಗೆ ಹೋದ. ತನ್ನ ಬಿಳಿ ಎತ್ತಿನ ಎದುರು ನಿಂತು, ಅತ್ತಿತ್ತ ನೋಡಿ, "ಕೊಂಬು ಚೆಂದಾಗವೆ. ನಡ್ಗೆನೂ ಚೆಂದ" ಎಂದ. ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿ ಅವನನ್ನೇ ನೋಡಿತು. ಅದೇ ಸಂಜೆ ಹೊಲದಿಂದ ಬರುವಾಗ ಅದು ಮುಂದಿನ ಕಾಲು ಕುಂಟುತ್ತಿತ್ತು. ಗೊರಸಿನ ಸಂದಿಯಲ್ಲಿ ಒಂದು ಜಾಲಿಮುಳ್ಳು. ಮುಳ್ಳನ್ನು ಅವನೇ ಕಿತ್ತ, ಕಿತ್ತದ್ದನ್ನು ಬೆಳಕಿಗೆ ಹಿಡಿದು ನೋಡಿದ. ಅದು ಮುಳ್ಳಲ್ಲ, ತನ್ನ ಮಾತು ಎಂದೇ ಅವನಿಗೆ ಅನಿಸಿತು. ಇನ್ನು ಜನ್ಮದಲ್ಲಿ ಯಾರನ್ನೂ ಹೊಗಳುವುದಿಲ್ಲ ಎಂದು ಅಲ್ಲೇ ಆಣೆ ಮಾಡಿಕೊಂಡ.

ಆಣೆ ಒಂದು ದಿನವೂ ಬಾಳಲಿಲ್ಲ. ಮಾರನೆಯ ದಿನ ಗುರುವಾರ. ಪುಟ್ಟಮಲ್ಲಮ್ಮ ಶಾಲೆಯಿಂದ ಬಂದವಳು ಕೈಕಾಲು ತೊಳೆದು, ಶಾಲೆಗೆ ಉಡುವ ಸೀರೆಗಳನ್ನು ಮಡಿಸಿ ಟ್ರಂಕಿಗೆ ಹಾಕತೊಡಗಿದಳು. ಮೂರೇ ಸೀರೆ. ಮಡಿಸಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಮಡಿಸಿದಳು. ಆಮೇಲೆ ಜಗಲಿಗೆ ಬಂದು, ಕೆಲಸ ಸಿಕ್ಕಿದಾಗ ಆಸೆಪಟ್ಟು ಕೊಂಡಿದ್ದ ಕೊಡೆಯನ್ನು ಅಪ್ಪನ ಪಕ್ಕ ಇಟ್ಟಳು.

"ಇದ ನೀನೇ ಮಡಿಕ ಅಪ್ಪ. ಸೋಮವಾರದಿಂದ ಬ್ಯಾಡ ಅಂದವ್ರೆ. ನಾಳೆ, ನಾಡಿದ್ದು ಎರಡೇ ದಿನ."

ಅವಳ ಗಂಟಲಲ್ಲಿ ಅಳು ಇರಲಿಲ್ಲ, ದೂರೂ ಇರಲಿಲ್ಲ. ಅದನ್ನೇ ಜಡೇಸ್ವಾಮಿಗೆ ತಡೆಯಲಾಗಲಿಲ್ಲ. ಅವಳು ಬೈದಿದ್ದರೆ ತಾನೂ ತಿರುಗಿ ಬೈಯಬಹುದಿತ್ತು. ಅವನು ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದೀಪ ಹಚ್ಚುವ ತನಕ ಹಾಗೇ ಕೂತಿದ್ದ. ಆಮೇಲೆ ಒಳಗೆ ಕೇಳುವ ಹಾಗೆ "ನಾಳೆ ನಗರಕ್ಕೋಗವ" ಎಂದ. ಅವತ್ತಿನ ಸಾರಿಗೆ ಒಗ್ಗರಣೆ ಬಿತ್ತು.

ಶುಕ್ರವಾರ ಬೆಳಿಗ್ಗೆ ಶಾಂತಮಲ್ಲಮ್ಮ ಮಗಳಿಗೆ, ಸಂಜೆ ರೈಲಿಳಿದು ಸೀದಾ ವಿಶಾಲಾಕ್ಷಮ್ಮನ ಮನೆಗೇ ಬಾ ಎಂದು ಹೇಳಿ ಕಳಿಸಿದಳು. ಮಧ್ಯಾಹ್ನ ಗಂಡ ಹೆಂಡತಿ ಚಾಮರಾಜನಗರದಲ್ಲಿ ಬಸ್ಸಿಳಿದರು. ದಾರಿಯ ಕಬ್ಬಿಣದಂಗಡಿಯಲ್ಲಿ ಜಡೇಸ್ವಾಮಿ ಒಂದು ಹೊಸ ಬೀಗ ಕೊಂಡ. ಯಾಕೆಂದು ಹೆಂಡತಿ ಕೇಳಲಿಲ್ಲ, ಅವಳಿಗೆ ಗೊತ್ತಿತ್ತು. ಎತ್ತು ಮಾರುವವನು ಎತ್ತನ್ನು ಕೊಡುತ್ತಾನೆಯೇ ಹೊರತು ಹಗ್ಗ ಕೊಡುವುದಿಲ್ಲ. ಹಗ್ಗ ಕೊಟ್ಟರೆ ಅವನ ಕೊಟ್ಟಿಗೆಯ ಲಕ್ಷ್ಮಿಯೇ ಹೊರಟುಹೋಗುತ್ತಾಳೆ. ಹೊಸ ಹಗ್ಗವನ್ನು ಎತ್ತು ಕೊಂಡವನೇ ತರಬೇಕು, ಮನೆಗೆ ಬೀಗವೂ ಹಾಗೇ.

ವಿಶಾಲಾಕ್ಷಮ್ಮ ಚಾಪೆ ಹಾಕಿ, ನೀರು ಕೊಟ್ಟು, ಎದುರಿಗೆ ಕಾಲು ನೀಡಿ ಕೂತರು. "ಆ ಒಳ್ಳೆ ಮಾತ ಏಳಿ" ಎಂದರು.

ಜಡೇಸ್ವಾಮಿ ಕೆಮ್ಮಿದ. ಬಾಗಿಲ ಕಡೆ ನೋಡಿ "ಈ ಕದ... ಮುಚ್ತದೆ" ಎಂದ.

"ಅದು ಒಗಳಿಕೆಯ?"

"ಕಿಟ್ಕಿ ತೆರೀತದೆ."

ಶಾಂತಮಲ್ಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಡೇಸ್ವಾಮಿಯ ಹಣೆಯಲ್ಲಿ ಬೆವರು ಒಡೆಯಿತು. ಗೋಡೆ, ಛಾವಣಿ, ಗೂಡು, ಒಲೆ, ಎಲ್ಲವನ್ನೂ ಒಂದೊಂದಾಗಿ ನೋಡಿದ. ಎಲ್ಲ ಕಡೆಯೂ ಅವನ ಕಣ್ಣಿಗೆ ಐಬೇ ಕಂಡಿತು, ಕಂಡದ್ದೆಲ್ಲ ನಿಜವೂ ಆಗಿತ್ತು. ಅಷ್ಟರಲ್ಲಿ ಸ್ಟೇಷನ್ನಿಗೆ ಸಂಜೆಯ ರೈಲು ಬಂತು. ಅಟ್ಟದ ಪಾತ್ರೆಗಳು ಗಲಗಲ ಅಂದು, ಸುಮ್ಮನಾದವು.

ವಿಶಾಲಾಕ್ಷಮ್ಮನಿಗೂ ಕನಿಕರ ಬಂತೋ ಏನೋ. "ಮನೆ ಮಾತು ಬುಡಿ. ಇಲ್ಲಿರಾಕೆ ಬರೋ ನಿಮ್ಮ ಮಗಳು ಎಂಥೋಳು? ಅದನಾರು ಏಳಿ" ಎಂದರು.

ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ ಜಡೇಸ್ವಾಮಿ ನೆಲ ನೋಡುತ್ತ ಶುರುಮಾಡಿದ.

"ನಾಕು ಗಂಟೆಗೇ ಏಳ್ತಾಳೆ. ಅವ್ರವ್ವಂಗೆ ನೀರು ಸೇದಿಟ್ಟು ಬಸ್ಸಿಗೆ ಓಡ್ತಾಳೆ. ಬಸ್ಸಲ್ಲಿ ನಿಂತ್ಕಂಡೇ ಮಕ್ಕಳ ಕಾಪಿ ಪುಸ್ತಕ ತಿದ್ತಾಳೆ. ರಾತ್ರೆ ಬಂದ್ರೆ ಕಾಲೆಲ್ಲ ಊದ್ಕಂಡಿರ್ತವೆ, ನೋಯ್ತದೆ ಅಂತ ಒಂದಿನ ಅಂದೋಳಲ್ಲ. ಮೊದ್ಲನೆಯೋಳಾಗಿ ಪಾಸಾದ್ಲು. ನಾನು ಸುಮಾರು ಅಂದೆ. ಯಾಕ ಅಂದ್ರೆ ನನ್ನ ಕಣ್ಣು ಒಳ್ಳೇದಲ್ಲ ಅಕ್ಕ. ಮೊನ್ನೆ ಎತ್ತ ಒಗಳ್ದೆ, ಕುಂಟ್ಕಂಡು ಬಂತು. ಇವ್ಳ ಒಗಳಿ, ಇವ್ಳಿಗೇನಾರ ಆಗ್ಬುಟ್ರೆ?"

ಅವನು ಟವೆಲ್ಲಿನಿಂದ ಹಣೆಯ ಬೆವರು ಒರೆಸಿಕೊಂಡ. ಮತ್ತೆ ಹೇಳಿದ. "ಎಷ್ಟು ಸಂತೆ ನೋಡಿದ್ದೀನಿ, ಎಷ್ಟು ಎತ್ತ ತಿರುಗ್ಸಿ ನೋಡಿದ್ದೀನಿ. ಎಂಥದ್ರಲ್ಲೂ ಏನಾರ ಒಂದು ಇದ್ದೇ ಇರ್ತದೆ. ಇಪ್ಪತ್ತೆರಡು ವರ್ಸದಿಂದ ಇವ್ಳ ನೋಡ್ತಾ ಇವ್ನಿ. ಇವ್ಳಲ್ಲಿ ಐಬಿಲ್ಲ."

ಹೇಳಿದ್ದೇ ತಡ, ಎರಡೂ ಕೈ ಕಿವಿಯ ಪಕ್ಕಕ್ಕೆ ತಂದು ಹತ್ತೂ ಬೆರಳಿನ ನೆಟಿಕೆ ಲಟಲಟ ಮುರಿದ. ದೃಷ್ಟಿ ತೆಗೆಯಲು ಹಾಗೆ ಮಾಡುವುದು ಹೆಂಗಸರು, ಅದು ಅವನಿಗೆ ಆಗ ಹೊಳೆಯಲಿಲ್ಲ.

"ನಾನು ಕೇಳಿದ್ದು ಮನೆ ಬಗ್ಗೆ" ಎಂದರು ವಿಶಾಲಾಕ್ಷಮ್ಮ. ಆದರೆ ದನಿ ಮೆತ್ತಗಾಗಿತ್ತು.

"ಅಂಥ ಕೂಸು ಇರಾಕೆ ಈ ಮನೆ ಸಾಕು ಅಕ್ಕ. ಇದ್ಕಿಂತ ದೊಡ್ಡ ಮಾತು ನನ್ನ ತಾವು ಇಲ್ಲ."

ವಿಶಾಲಾಕ್ಷಮ್ಮ ಸ್ವಲ್ಪ ಹೊತ್ತು ತಮ್ಮ ಮನೆಯ ಗೋಡೆಗಳನ್ನು ಸುತ್ತ ನೋಡಿದರು. "ಸಾಕು ಬುಡಣ್ಣ" ಎಂದು ಅವನತ್ತ ಬಲಗೈ ಚಾಚಿದರು. ಜಡೇಸ್ವಾಮಿ ಅಭ್ಯಾಸಬಲದಿಂದ ಟವೆಲ್ಲು ತೆಗೆದ. ತೆಗೆದ ಮೇಲೆ ಎದುರಿಗಿರುವುದು ಹೆಂಗಸು, ಪಕ್ಕದಲ್ಲಿರುವುದು ಹೆಂಡತಿ ಎಂದು ನೆನಪಾಗಿ ಹಾಗೇ ಕೂತ. ಶಾಂತಮಲ್ಲಮ್ಮ ಆ ಟವೆಲ್ಲನ್ನು ಅವನ ಕೈಯಿಂದ ತೆಗೆದುಕೊಂಡು, ಮುಂದೆ ಸರಿದು, ವಿಶಾಲಾಕ್ಷಮ್ಮನ ಕೈ ಹಿಡಿದು ಮೇಲೆ ಮುಚ್ಚಿದಳು. ಒಬ್ಬಳು ಎತ್ತಿನ ವ್ಯಾಪಾರಿಯ ಮಗಳು, ಇನ್ನೊಬ್ಬಳು ಎತ್ತಿನ ವ್ಯಾಪಾರಿಯ ಹೆಂಡತಿ. ಟವೆಲ್ಲು ಎದ್ದಿತು, ಇಳಿಯಿತು, ಒಂದು ಸಲ ಜೋರಾಗಿ ಅಲುಗಾಡಿತು. ಜಡೇಸ್ವಾಮಿ ಮೊದಲ ಸಲ ಸುತ್ತ ನಿಂತವರ ಸಾಲಿನಲ್ಲಿ ಕೂತು ಕತ್ತು ಚಾಚಿ ಚಾಚಿ ನೋಡಿದ. ಅವನಿಗೂ ಏನೂ ಕಾಣಲಿಲ್ಲ.

"ಎಷ್ಟಕ್ಕಾಯ್ತು?" ಎಂದು ಕೇಳಿದ.

"ನಡುವೆ ಬಾಯಾಕ್ಬ್ಯಾಡಿ. ಯಾಪಾರದ ಗುಟ್ಟು" ಎಂದಳು ಶಾಂತಮಲ್ಲಮ್ಮ. ಇಬ್ಬರು ಹೆಂಗಸರೂ ನಗುತ್ತಿದ್ದರು. ಪತ್ರ ಮುಂದಿನ ತಿಂಗಳು ಮಾಡಿಸುವುದು, ಪುಟ್ಟಮಲ್ಲಮ್ಮ ನಾಳೆಯೇ ಹೆಡ್‌ಮಾಸ್ಟರಿಗೆ ತಿಳಿಸುವುದು, ತಾಯಿ ಮಗಳು ಭಾನುವಾರವೇ ಬಂದು ಇರುವುದು, ಅಲ್ಲಿಯ ತನಕ ವಿಶಾಲಾಕ್ಷಮ್ಮನೂ ಅವರ ಜೊತೆಯಲ್ಲೇ ಇರುವುದು ಎಂದು ತೀರ್ಮಾನವಾಯಿತು. ವಿಶಾಲಾಕ್ಷಮ್ಮ ಎದ್ದು, ಬಾಗಿಲ ಚಿಲಕದಲ್ಲಿ ನೇತಾಡುತ್ತಿದ್ದ ತಮ್ಮ ಹಿತ್ತಾಳೆ ಬೀಗ ತೆಗೆದು ಸೆರಗಿನ ಗಂಟಿಗೆ ಕಟ್ಟಿಕೊಂಡರು. ಅದನ್ನು ಕೊಡಿ ಎಂದು ಯಾರೂ ಕೇಳಲಿಲ್ಲ. ಜಡೇಸ್ವಾಮಿ ಚೀಲದಿಂದ ಹೊಸ ಬೀಗ ತೆಗೆದು ಅದೇ ಚಿಲಕಕ್ಕೆ ಸಿಕ್ಕಿಸಿದ.

ಅದನ್ನು ಸಿಕ್ಕಿಸುವಾಗಲೇ ಮೆಟ್ಟಿಲ ತಿರುವಿನಲ್ಲಿ ಪುಟ್ಟಮಲ್ಲಮ್ಮ ಕಾಣಿಸಿದಳು. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಗಳದ ನಲ್ಲಿಯಲ್ಲಿ ಈಗಷ್ಟೇ ತೊಳೆದುಕೊಂಡು ಬಂದಿದ್ದಳು. ಎಷ್ಟು ತೊಳೆದರೂ ಕಣ್ಣಿನ ಕೆಂಪು ಹೋಗಿರಲಿಲ್ಲ.

ಜಡೇಸ್ವಾಮಿ ಕೆಳಗೆ ನೋಡಿದ. ಬಾಗಿಲಿನಿಂದ ಮೂರನೇ ಮೆಟ್ಟಿಲ ಮೇಲೆ, ಯಾರೋ ಬಹಳ ಹೊತ್ತು ಕೂತು ಎದ್ದುಹೋದ ಹಾಗೆ, ಅವಳ ಪುಸ್ತಕದ ಚೀಲ ಇತ್ತು.

"ಯಾಕೆ ಕೂಸು, ಇಷ್ಟೊತ್ತು?" ಎಂದ.

ಅವಳು ಚೀಲ ಎತ್ತಿಕೊಂಡು ಹೆಗಲಿಗೆ ಹಾಕಿದಳು. "ರೈಲು ಲೇಟು ಕಣಪ್ಪ" ಎಂದಳು.

ಜಡೇಸ್ವಾಮಿ, ಯಾವಾಗಲೋ ಗಲಗಲ ಅಂದು ಸುಮ್ಮನಾಗಿದ್ದ ಅಟ್ಟದ ಮೇಲಿನ ಪಾತ್ರೆಗಳ ಕಡೆ ಒಂದು ಸಲ ನೋಡಿದ. ಹೊಸ ಬೀಗದ ಕೈಯನ್ನು ಮಗಳ ಒದ್ದೆ ಅಂಗೈಯಲ್ಲಿ ಇಟ್ಟ.

"ಈ ರೈಲು ಸುಮಾರು" ಎಂದ.